ಅನ್ನದ ಬದಲು ಅರ್ಧ ಬಟ್ಟಲು

ಜನವರಿ 6, ಸೋಮವಾರ

ವೇದಿಕೆಯ ಮೇಲೆ ಇಲ್ಲದ ಗಣ್ಯರೇ, ವೇದಿಕೆಯ ಕೆಳಗೂ ಇಲ್ಲದ ಸಭಿಕರೇ, ಎಲ್ಲಕ್ಕಿಂತ ಮುಂದೆ ಬಂದು ಕುಳಿತಿರುವ ನನ್ನ ಹೊಟ್ಟೆಯೇ! ಈ ದಿನ ಬೆಳಗ್ಗೆ ಹತ್ತೂವರೆಗೆ, ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ತೂಕದ ಯಂತ್ರವೊಂದರ ಅಮೃತಹಸ್ತದಿಂದ, ತೊಂಬತ್ತೈದು ಕೆಜಿ ಇನ್ನೂರು ಗ್ರಾಂ ತೂಗುವ ಈ ದೇಹದ ಇಳಿಕೆ ಕಾರ್ಯಕ್ರಮವು ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತೆಂದು ತಿಳಿಸಲು ಹರ್ಷಿಸುತ್ತೇನೆ. ಚಪ್ಪಾಳೆ ಬೇಡ. ಉಪಾಹಾರದ ವ್ಯವಸ್ಥೆ ಇಲ್ಲ.

ಇನ್ನು ವರದಿ ವಾಚನ. ಅಕ್ಕನ ಎರಡೂ ಕಿಡ್ನಿಗಳು ಕೈಯೆತ್ತಿ ಒಂದೂವರೆ ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ರಕ್ತವನ್ನು ಯಂತ್ರಕ್ಕೆ ಕೊಟ್ಟು, ತೊಳೆಸಿ, ವಾಪಸ್ ತಂದು, ಮನೆಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ಅವಳ ಮಗಳ ರಕ್ತದ ಗುಂಪು ಹೊಂದಲಿಲ್ಲ. ನನ್ನದು ಹೊಂದಿತು. ಡಾಕ್ಟರು ಕಾಗದಗಳನ್ನೆಲ್ಲ ತಿರುವಿ, ಕೊನೆಗೆ ನನ್ನನ್ನೂ ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು: “ಎಲ್ಲಾ ಸರಿಯಾಗಿದೆ. ಆದ್ರೆ ಈ ತೂಕದಲ್ಲಿ ನಿಮ್ಮನ್ನ ಕುಯ್ಯೋಕೆ ನಾನು ಒಪ್ಪಲ್ಲ. ಎಂಬತ್ತೆಂಟಕ್ಕೆ ಬನ್ನಿ, ದಿನ ಗೊತ್ತು ಮಾಡೋಣ.”

ಏಳು ಕೆಜಿ ಇನ್ನೂರು ಗ್ರಾಂ. ಅಕ್ಕನಿಗೂ ಅವಳ ಕಿಡ್ನಿಗೂ ನಡುವೆ ಅಡ್ಡ ನಿಂತಿರುವುದು ನನ್ನ ಸೊಂಟ.

ಅಲ್ಲಿಂದ ನಮ್ಮನ್ನು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಕೂತಿರುವವರು ಆಹಾರ ತಜ್ಞೆ. ನಾನು ಅವರಿಗೆ ಪಥ್ಯದ ಮೇಡಂ ಎಂದು ಹೆಸರಿಟ್ಟಿದ್ದೇನೆ.

“ಕಾಳು ತಿಂತೀರಾ?”

“ಕೊಟ್ರೆ ತಿಂತೀನಿ ಮೇಡಂ.”

“ಕೊಡದೇ ಇದ್ರೂ ತಿಂತೀರಿ ಅಂತ ಕಾಣುತ್ತೆ.”

ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಮೇಡಂ ಹೇಳುತ್ತಾ ಹೋದರು. ಅಲಸಂದೆ, ಕಡಲೆ, ರಾಜ್ಮಾ, ಹೆಸರು, ಯಾವುದಾದರೂ ಸರಿ. ನಾರು ಇದೆ, ಪ್ರೋಟೀನ್ ಇದೆ, ನಿಧಾನವಾಗಿ ಅರಗುತ್ತದೆ, ಪದೇ ಪದೇ ಹಸಿವಾಗುವುದಿಲ್ಲ. ಹಿಂದಿನ ದಿನ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಬೇಕು. ಎಣ್ಣೆ ಸುರಿಯಬಾರದು. ಮೊದಲ ವಾರ ಸ್ವಲ್ಪ ಸ್ವಲ್ಪ. ಒಮ್ಮೆಲೇ ತಿಂದರೆ ಹೊಟ್ಟೆ ಉಬ್ಬರ. ಮಧ್ಯಾಹ್ನ ಅರ್ಧ ಬಟ್ಟಲು, ಸಂಜೆ ಅರ್ಧ ಬಟ್ಟಲು. ಇನ್ನೂ ಏನೇನೋ ಹೇಳಿದರು. ಅಷ್ಟರಲ್ಲಿ ನನಗೊಂದು ಪ್ರಾಸ ಹೊಳೆದುಬಿಟ್ಟಿತು:

ಮಧ್ಯಾಹ್ನ ಕಾಳು, ಸಂಜೆಗೂ ಕಾಳು,
ಹೀಗೇ ಆದರೆ ಹೇಗಪ್ಪ ಬಾಳು?

ಎದ್ದು ಬರುವಾಗ ಅಕ್ಕ ಕೇಳಿದಳು: “ನಾನೂ ತಿನ್ನಬಹುದಾ ಮೇಡಂ? ಚಿಕ್ಕಂದಿನಿಂದ ನನಗೆ ಅಲಸಂದೆ ಅಂದ್ರೆ ಇಷ್ಟ.”

“ನೀವು ಬೇಡಮ್ಮ. ಕಾಳಲ್ಲಿ ಪೊಟ್ಯಾಸಿಯಂ ಜಾಸ್ತಿ. ನಿಮ್ಮ ಕಿಡ್ನಿ ಅದನ್ನ ಹೊರಗೆ ಹಾಕಲ್ಲ, ಹೃದಯಕ್ಕೆ ತೊಂದರೆ. ನನ್ನ ಕೇಳದೆ ಒಂದು ಚಮಚಾನೂ ಬೇಡ.”

ನನಗೆ ಔಷಧಿಯಾದದ್ದು ಅವಳಿಗೆ ವಿಷ. ಒಂದೇ ತಾಯಿಯ ಮಕ್ಕಳು ನಾವು.

ಜನವರಿ 12, ಭಾನುವಾರ

ನಮ್ಮ ಮನೆಯಲ್ಲಿ ಮೂವರು. ಅಕ್ಕ, ಕಾನೂನು ಓದುತ್ತಿರುವ ಅವಳ ಮಗಳು (ಮನೆಯಲ್ಲಿ ಈಗಲೇ ತೀರ್ಪು ಕೊಡುವುದರಿಂದ ನಾನಿಟ್ಟ ಹೆಸರು ಜಡ್ಜಮ್ಮ), ಮತ್ತು ಮದುವೆಯಾಗದ, ಬೋರ್ಡ್ ಬರೆಯುವ, ಕನ್ನಡ ಬಿ.ಎ. ಆದ ನಾನು. ಭಾವ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಹೀಗೇ.

ಅಕ್ಕ ನನ್ನನ್ನು ಮುಂದಿನ ಕೋಣೆಯಲ್ಲಿ, ಶಾಲಾ ಸಮವಸ್ತ್ರಗಳ ರಾಶಿಯ ನಡುವೆ ನಿಲ್ಲಿಸಿ ಕೊರಳಿನ ಟೇಪು ತೆಗೆದಳು. ಅವಳಿಗೆ ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಂಬಿಕೆ ಇಲ್ಲ. ಇಪ್ಪತ್ತೆರಡು ವರ್ಷದಿಂದ ಊರಿನವರ ಸೊಂಟ ನೋಡಿದವಳು.

“ಉಸಿರು ಬಿಡೋ ಡುಮ್ಮ. ಹೊಟ್ಟೆ ಒಳಗೆ ಎಳ್ಕೊಂಡ್ರೆ ನಿನಗೇ ಮೋಸ.”

“ಬಿಟ್ಟರೆ ಟೇಪು ಸಾಲಲ್ಲ.”

“ಎರಡು ಸೇರಿಸಿ ಹೊಲೀತೀನಿ, ಬಿಡು.”

ನಲವತ್ತೆರಡೂವರೆ ಇಂಚು. ಅಳತೆ ಪುಸ್ತಕದಲ್ಲಿ ಒಂದು ಹೊಸ ಪುಟ ತೆಗೆದು ಅದರ ಮೇಲ್ತುದಿಯಲ್ಲಿ “ತಮ್ಮ” ಎಂದು ಬರೆದಳು.

ಕಾಳು ನೆನೆಹಾಕುವುದೂ ಬೇಯಿಸುವುದೂ ಅವಳೇ. ಬೇಡವೆಂದರೆ ಕೇಳುವುದಿಲ್ಲ. ಕುಕ್ಕರಿನ ಮುಚ್ಚಳ ತೆಗೆದಾಗ ಹಬೆಗೆ ಮುಖ ಒಡ್ಡಿ ನಿಂತಳು. “ವಾಸನೇಲಿ ಪೊಟ್ಯಾಸಿಯಂ ಇರಲ್ಲ ತಾನೆ?” ಎಂದಳು.

ಜನವರಿ 21, ಮಂಗಳವಾರ

ಹೊಟ್ಟೆಯೊಳಗೆ ಬ್ಯಾಂಡ್‌ಸೆಟ್ಟಿನವರು ಬಂದು ಇಳಿದಿದ್ದಾರೆ. ಔಷಧಿ ಅಂಗಡಿಯ ಬೋರ್ಡ್ ಬರೆಯಲು ಏಣಿ ಹತ್ತಿದ್ದೆ. ನಮ್ಮ ಬೋರ್ಡ್ ಅಂಗಡಿಯ ಯಜಮಾನರು ಕೆಳಗೆ ಏಣಿ ಹಿಡಿದು ನಿಂತಿದ್ದವರು, ಮೇಲಿನ ಸದ್ದು ಕೇಳಿ ನಾಲ್ಕು ಹೆಜ್ಜೆ ದೂರ ಸರಿದರು.

“ಕವಿಗಳೇ, ಬಿದ್ದರೆ ಹಿಡಿಯೋಕೆ ನನ್ನಿಂದ ಆಗಲ್ಲ. ಇಲ್ಲಿಂದಲೇ ಪ್ರಾರ್ಥನೆ ಮಾಡ್ತೀನಿ.”

ಆದರೂ ಅರ್ಧ ಬಟ್ಟಲಿಗೆ ಅರ್ಧ ಬಟ್ಟಲು ತಪ್ಪಿಸಿಲ್ಲ. ನಿಷ್ಠೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ನಿಂಬೆರಸ, ಈರುಳ್ಳಿ, ಮೆಣಸು ಹಾಕಿದರೆ ಅಲಸಂದೆ ನಿಜಕ್ಕೂ ರುಚಿ. ಇದನ್ನು ಗಟ್ಟಿಯಾಗಿ ಹೇಳುವಂತಿಲ್ಲ. ಎದುರಿಗೆ ಕೂತವಳು ಬಿಳಿ ಅನ್ನಕ್ಕೆ ಬೇಯಿಸಿ ನೀರು ಬಸಿದ ತರಕಾರಿ ಹಾಕಿಕೊಂಡು ನನ್ನ ಬಟ್ಟಲನ್ನೇ ನೋಡುತ್ತಿರುತ್ತಾಳೆ.

ಫೆಬ್ರವರಿ 3, ಸೋಮವಾರ

ತೊಂಬತ್ತಾರು ಕೆಜಿ ನಾನೂರು ಗ್ರಾಂ.

ಏರಿದೆ! ತಿಂಗಳಿಡೀ ಕಾಳು ತಿಂದು ಒಂದು ಕೆಜಿ ಇನ್ನೂರು ಗ್ರಾಂ ಏರಿದೆ. ಅಕ್ಕನ ಡಯಾಲಿಸಿಸ್ ಹಾಸಿಗೆಯ ಪಕ್ಕ ನಿಂತೇ ಪಥ್ಯದ ಮೇಡಂ ವಿಚಾರಣೆ ನಡೆಸಿದರು.

“ಅನ್ನ ಎಷ್ಟು ತಿಂತಿದ್ದೀರಿ?”

“ಯಾವಾಗ್ಲೂ ತಿನ್ನೋಷ್ಟೇ.”

“ಕಾಳು?”

“ನೀವು ಹೇಳಿದಷ್ಟೇ.”

“ಅನ್ನದ ಜೊತೆಗಾ?”

“ಮತ್ತೆ ಬರೀ ಕಾಳು ಹೇಗೆ ತಿನ್ನೋದು ಮೇಡಂ?”

ಮೇಡಂ ಪೆನ್ನು ಕೆಳಗಿಟ್ಟರು. “ಸ್ವಾಮಿ, ಅವತ್ತು ಎರಡು ಸಲ ಹೇಳಿದ್ದೆ. ಅನ್ನದ ಬದಲು! ಕಾಳು ಅಂದ್ರೆ ಕೊಬ್ಬು ಕರಗಿಸೋ ಮದ್ದಲ್ಲ, ಅದೂ ಊಟಾನೇ. ತಟ್ಟೇಲಿ ಅನ್ನದ ಜಾಗಕ್ಕೆ ಬಂದ್ರೆ ತೂಕ ಇಳಿಯುತ್ತೆ. ಅನ್ನದ ಪಕ್ಕಕ್ಕೆ ಬಂದ್ರೆ ಏರುತ್ತೆ. ಅರ್ಧ ಬಟ್ಟಲು ಕಾಳು ಬಂತು ಅಂದ್ರೆ ಅನ್ನ ಅರ್ಧಕ್ಕಿಂತ ಕಡಿಮೆ ಆಗಬೇಕು. ಬ್ರೆಡ್ಡೂ ಅಷ್ಟೇ. ಉಳಿದ ಜಾಗಕ್ಕೆ ತರಕಾರಿ.”

ಅವತ್ತು ಅವರು ಅದನ್ನು ಹೇಳುವಾಗ ನಾನು ಬಾಳಿಗೆ ಕಾಳು ಜೋಡಿಸುತ್ತಿದ್ದೆ. ಅಕ್ಕ ನಕ್ಕ ನಗುವಿಗೆ ಸೂಜಿ ಚುಚ್ಚಿದ ತೋಳು ಅಲುಗಾಡಿ ಡಯಾಲಿಸಿಸ್ ಯಂತ್ರ ಕುಂಯ್ ಎಂದು ಕೂಗಿತು. ನರ್ಸ್ ಓಡಿ ಬಂದಳು. “ಯಾಕಮ್ಮ, ಏನಾಯ್ತು?” “ಏನಿಲ್ಲ ಸಿಸ್ಟರ್, ನನ್ನ ತಮ್ಮ ಬಿ.ಎ. ಮಾಡಿದ್ದಾನೆ” ಎಂದಳು ಅಕ್ಕ.

ಜೊತೆಗೆ ಬಂದಿದ್ದ ಜಡ್ಜಮ್ಮ ನಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, “ಒಂದು ತಿಂಗಳು ಹೋಯ್ತು ಮಾಮ” ಎಂದಳು. ಅಷ್ಟೇ.

ಫೆಬ್ರವರಿ 12, ಬುಧವಾರ

ಅನ್ನ ಮುಷ್ಟಿಯಷ್ಟು, ಕಾಳು ಅರ್ಧ ಬಟ್ಟಲು, ತಟ್ಟೆಯ ಉಳಿದರ್ಧ ಸೊಪ್ಪು ತರಕಾರಿ. ಮೊದಲ ಮೂರು ದಿನ ಲೋಕವೇ ಒಂದು ದೊಡ್ಡ ಅನ್ನದ ಗುಡ್ಡೆಯಂತೆ ಕಾಣುತ್ತಿತ್ತು. ಆಮೇಲೆ ಒಂದು ವಿಚಿತ್ರ ನಡೆಯಿತು. ಸಂಜೆ ನಾಲ್ಕಕ್ಕೆ ಸರಿಯಾಗಿ ಬೇಕರಿಯ ಕಡೆ ತಿರುಗುತ್ತಿದ್ದ ನನ್ನ ಕಾಲು ತಿರುಗಲಿಲ್ಲ. ಹಸಿವೇ ಇಲ್ಲ. ಮಧ್ಯಾಹ್ನದ ಕಡಲೆ ಇನ್ನೂ ಒಳಗೆ ಕೂತು ಹರಟುತ್ತಿದೆ. ಹಾಗಾದರೆ ಮೇಡಂ ಹೇಳಿದ್ದು ನಿಜ.

ಫೆಬ್ರವರಿ 24, ಸೋಮವಾರ

ತೊಂಬತ್ತಮೂರು ಕೆಜಿ ಇನ್ನೂರು ಗ್ರಾಂ! ಮೂರು ವಾರಕ್ಕೆ ಮೂರು ಕೆಜಿಗೂ ಮೇಲೆ. ನಿನ್ನೆ ಟೇಪಿನಲ್ಲಿ ನಲವತ್ತೊಂದು. ಮೇಡಂ ಕೈ ಕುಲುಕಿದರು. ಡಾಕ್ಟರು ಕ್ಯಾಲೆಂಡರ್ ನೋಡಿ, “ಹೀಗೇ ಇಳಿದ್ರೆ ಏಪ್ರಿಲ್ ಕೊನೇಲಿ ಮಾಡಿಬಿಡೋಣ” ಎಂದರು.

ಅನ್ನಕ್ಕೆ ರಜಾ, ಕಾಳಿಗೆ ಮಜಾ,
ಇಳಿದರೆ ಸೊಂಟ, ಅಕ್ಕನೇ ರಾಜ!

ಲಿಂಗ ತಪ್ಪಾಗಿದೆ, ಪ್ರಾಸಕ್ಕಾಗಿ ಕ್ಷಮೆಯಿರಲಿ.

ಅಕ್ಕ ಮನೆಗೆ ಬಂದವಳೇ ಆಪರೇಷನ್ ಆದ ಮೇಲೆ ಏನೇನು ತಿನ್ನುತ್ತೇನೆ ಎಂದು ಸಮವಸ್ತ್ರದ ಚೀಟಿಯ ಹಿಂದೆ ಪಟ್ಟಿ ಬರೆದಳು. ಮೊದಲನೆಯದು ಅಲಸಂದೆ. ಎರಡನೆಯದು, ಈಗ ಅಳೆದು ಕುಡಿಯಬೇಕಾದ ನೀರು, ಎರಡು ಲೋಟ, ಒಟ್ಟಿಗೆ, ಗಟಗಟ.

ಮಾರ್ಚ್ 3, ಸೋಮವಾರ

ಡಯಾಲಿಸಿಸ್ ವಾರ್ಡಿಗೆ ಒಬ್ಬ ಬಸ್ ಡ್ರೈವರು ಬಂದಿದ್ದರು. ಎರಡು ವರ್ಷದ ಹಿಂದೆ ಹೆಂಡತಿಗೆ ಕಿಡ್ನಿ ಕೊಟ್ಟವರು. ಇಲ್ಲಿ ಮಲಗಿರುವವರಿಗೆ ಧೈರ್ಯ ಹೇಳಲು ಆಗಾಗ ಬರುತ್ತಾರಂತೆ. ನನ್ನ ವಿಷಯ ಕೇಳಿ ಬೆನ್ನು ತಟ್ಟಿದರು. ನಾನು ಕೇಳದಿದ್ದರೂ ಷರ್ಟು ಮೇಲೆತ್ತಿದರು.

“ನೋಡಿ ಸಾರ್. ಇಲ್ಲಿಂದ ಇಲ್ಲಿಗೆ. ಒಂದು ವಾರ ಕೆಮ್ಮು ಬಂದ್ರೆ ಪ್ರಾಣ ಬಾಯಿಗೆ ಬರ್ತಿತ್ತು. ಆಮೇಲೆ ಏನೂ ಇಲ್ಲ. ಈಗ ದಿನಾ ಬಸ್ ಓಡಿಸ್ತೀನಿ. ಮುಟ್ಟಿ ನೋಡಿ, ಪರವಾಗಿಲ್ಲ.”

ಮುಟ್ಟಲಿಲ್ಲ. ಪಕ್ಕೆಲುಬಿನ ಕೆಳಗಿನಿಂದ ಹೊಕ್ಕಳಿನತ್ತ, ಹೊಳೆಯುವ ಒಂದು ಗೆರೆ. ಒಂದು ಕಡೆ ಗಂಟುಗಂಟಾಗಿತ್ತು. ಹೊಲಿಗೆ ಅಕ್ಕನದರಷ್ಟು ಅಚ್ಚುಕಟ್ಟಾಗಿರಲಿಲ್ಲ.

ಒಳ್ಳೆಯ ಮನುಷ್ಯ. ಬಹಳ ಒಳ್ಳೆಯ ಮನುಷ್ಯ.

ಸಂಜೆ ಬೇಕರಿಯಲ್ಲಿ ಬನ್ ಆಗ ತಾನೇ ಒಲೆಯಿಂದ ಇಳಿದಿತ್ತು. ಎರಡು.

ಮಾರ್ಚ್ 9, ಭಾನುವಾರ

ಕಾಳು ಅರ್ಧ ಬಟ್ಟಲು, ತಪ್ಪದೆ. ಅನ್ನ ಸ್ವಲ್ಪ. ಸ್ವಲ್ಪ ಎಂದರೆ ಎಷ್ಟು ಎಂಬುದು ತತ್ವಶಾಸ್ತ್ರದ ಪ್ರಶ್ನೆ. ಬಿಸಿಲಲ್ಲಿ ಏಣಿ ಹತ್ತಿ ಇಳಿಯುವವನಿಗೆ ಬರೀ ಮುಷ್ಟಿ ಅನ್ನ ಸಾಲದು ಎಂದು ಯಜಮಾನರೂ ಹೇಳುತ್ತಾರೆ. ಬಿದ್ದರೆ ಯಾರಿಗೆ ನಷ್ಟ? ಅಕ್ಕನಿಗೇ. ಆದ್ದರಿಂದ ಅವಳ ಹಿತದೃಷ್ಟಿಯಿಂದ ಮಧ್ಯಾಹ್ನ ಅನ್ನವನ್ನು ಕೊಂಚ ಹೆಚ್ಚಿಸಲಾಗಿದೆ. ಈ ನಿರ್ಣಯವನ್ನು ಸಭೆಯು ಸರ್ವಾನುಮತದಿಂದ ಅಂಗೀಕರಿಸಿತು.

ನೀರಲ್ಲಿ ನೆನೆದದ್ದು ಕಾಳು,
ನಾನು ನೆನೆದದ್ದು ಬನ್ನು.
ಒಂದು ತಿಂದರೆ ಬಾಯಿ ಕೇಳಿತು:
ಬಂದಿದ್ದೇ ಬಂದೆ, ಇನ್ನೊಂದು ತಿನ್ನು.

ಇವತ್ತು ಒಂದೇ ದಿನ ಏಳು ಪ್ರಾಸ ಬರೆದೆ. ಇಷ್ಟು ಚೆನ್ನಾಗಿ ಕೈ ಓಡಿ ಎಷ್ಟೋ ದಿನವಾಗಿತ್ತು.

ಮಾರ್ಚ್ 16, ಭಾನುವಾರ

ಟೇಪಿನ ದಿನ. ಜಡ್ಜಮ್ಮ ಬಾಗಿಲಿಗೆ ಒರಗಿ, ಕೈ ಕಟ್ಟಿಕೊಂಡು ನೋಡುತ್ತಿದ್ದಳು. ಅಕ್ಕ ನನ್ನ ಸೊಂಟಕ್ಕೆ ಟೇಪು ಸುತ್ತಿ, ಬಗ್ಗಿ ಅಂಕಿ ನೋಡಿದಳು. ಸ್ವಲ್ಪ ಹೊತ್ತು ಬಗ್ಗಿಯೇ ಇದ್ದಳು. ಮೊನ್ನೆಯಿಂದ ಅವಳ ಕಣ್ಣು ಮಂಜಾಗಿದೆ.

“ಎಷ್ಟಮ್ಮ?” ಎಂದಳು ಜಡ್ಜಮ್ಮ.

“ನಲವತ್ತೂವರೆ.”

“ಅರ್ಧ ಇಂಚೇ ಇಳಿದಿದ್ದು?”

“ಸುಮ್ನಿರೇ, ಅರ್ಧ ಇಂಚು ಅಂದ್ರೆ ಕಮ್ಮೀನಾ? ನೀನು ಇಳಿಸಿ ತೋರಿಸು.”

ಪ್ಯಾಂಟು ಮಾತ್ರ ಯಾಕೋ ಬಿಗಿಯಾಗಿಯೇ ಇದೆ. ಒಗೆದು ಒಗೆದು ಬಟ್ಟೆ ಕುಗ್ಗುತ್ತದೆ. ಟೇಪೂ ಹಳೆಯದಾದರೆ ಹಿಗ್ಗುತ್ತದೆ ಎಂದು ಎಲ್ಲೋ ಕೇಳಿದ ನೆನಪು.

ಮಾರ್ಚ್ 31, ಸೋಮವಾರ

ತೂಕಕ್ಕೆ ಹೋಗಲಿಲ್ಲ. ಸಾಲು ಉದ್ದವಿತ್ತು. ಬೋರ್ಡ್ ಕೆಲಸವೂ ಇತ್ತು.

ಏಪ್ರಿಲ್ 11, ಶುಕ್ರವಾರ

ಡಯಾಲಿಸಿಸ್ ಮುಗಿಸಿ ಬಂದ ದಿನ ಅಕ್ಕ ಒದ್ದೆ ಬಟ್ಟೆಯಂತಾಗುತ್ತಾಳೆ. ಇವತ್ತು ಬಂದು ಮಲಗಿದವಳು ಸಂಜೆ ಎದ್ದು ಗೋಡೆ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ರಾಜ್ಮಾ ತೊಳೆಯುತ್ತಿದ್ದಳು. ನಾನು ಬಟ್ಟಲು ಕಸಿದುಕೊಳ್ಳಲು ಹೋದೆ. ಕೊಡಲಿಲ್ಲ. ಕಾಲು ಬಾತು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಅಚ್ಚೊತ್ತಿತ್ತು.

“ಲೋ, ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡ.”

“ಕೇಳು.”

“ನಿನಗೆ ಇಷ್ಟ ಇಲ್ಲದಿದ್ರೆ ಬೇಡ ಕಣೋ. ಬಾಯಿಬಿಟ್ಟು ಹೇಳಿಬಿಡು. ನಾನೇನೂ ಅಂದ್ಕೊಳ್ಳಲ್ಲ. ಯಂತ್ರ ಇದ್ದೇ ಇದೆ, ಬೇರೆ ಯಾರಾದ್ರೂ ಸಿಕ್ತಾರೇನೋ ನೋಡೋಣ.”

“ಏನು ಇಷ್ಟ ಇಲ್ಲದಿದ್ರೆ?”

ಅವಳು ನನ್ನ ಮುಖ ನೋಡಿದಳು. ನೀರು ಬಸಿದಳು.

“ಕಾಳು” ಎಂದಳು.

“ಅಯ್ಯೋ, ಕಾಳು ಅಂದ್ರೆ ಈಗ ನನಗೆ ಪ್ರಾಣ” ಎಂದೆ. ಇಬ್ಬರೂ ನಕ್ಕೆವು. ಅವಳು ಬೇಗ ನಿಲ್ಲಿಸಿದಳು.

ಏಪ್ರಿಲ್ 13, ಭಾನುವಾರ

ಟೇಪಿನಲ್ಲಿ ನಲವತ್ತು ಎಂದಳು ಅಕ್ಕ. ಜಡ್ಜಮ್ಮ ಮೊದಲ ಸಲ ಚಪ್ಪಾಳೆ ತಟ್ಟಿ, “ಮಾಮ, ನೀನು ಪರವಾಗಿಲ್ಲ” ಎಂದಳು. ನಾನು ತಲೆಬಾಗಿ ವಂದಿಸಿದೆ. ಬಾಗಿದಾಗ ಪ್ಯಾಂಟಿನ ಗುಂಡಿ ಹಾರಿ ಹೊಲಿಗೆ ಯಂತ್ರದ ಕೆಳಗೆ ಉರುಳಿತು. ಅಕ್ಕ ಅದನ್ನು ಕಾಲಿನಲ್ಲಿ ಮೆಲ್ಲಗೆ ಒಳಗೆ ತಳ್ಳಿದಳು. ಆಮೇಲೆ ಅವಳೇ ಹೊಲಿದುಕೊಟ್ಟಳು.

ಏಪ್ರಿಲ್ 28, ಸೋಮವಾರ

ವಾರ್ಡಿನ ಬಾಗಿಲಲ್ಲಿ ಡಾಕ್ಟರು ಎದುರಾದರು. “ಏನ್ರೀ, ಏಪ್ರಿಲ್ ಮುಗೀತು! ತೂಕ ಎಲ್ಲಿಗೆ ಬಂತು?”

“ಇಳೀತಾ ಇದೆ ಸಾರ್. ಕೊನೇದು ಸ್ವಲ್ಪ ಹಟ ಮಾಡ್ತಿದೆ.”

“ಬೇಗ ಮಾಡಿ. ಅವರ ರಕ್ತದೊತ್ತಡ ನನಗೆ ಹಿಡಿಸ್ತಿಲ್ಲ.”

ಪಥ್ಯದ ಮೇಡಂ ಅವರ ಕೋಣೆಯ ಮುಂದೆ ಹಾಯಬಾರದೆಂದು ಹಿಂದಿನ ಮೆಟ್ಟಿಲು ಇಳಿದೆ. ಮೆಟ್ಟಿಲು ಇಳಿಯುವುದೂ ವ್ಯಾಯಾಮವೇ.

ಮೇ 14, ಬುಧವಾರ

ಡಯಾಲಿಸಿಸ್ ಅರ್ಧದಲ್ಲಿ ಅಕ್ಕನಿಗೆ ಉಸಿರು ಸಿಗಲಿಲ್ಲ. ಹೃದಯಾಘಾತ ಎಂದರು. ಐಸಿಯು ಒಳಗೆ ಕರೆದುಕೊಂಡು ಹೋದರು.

ಮೇ 15, ಗುರುವಾರ

ಒಳಗೇ ಇದ್ದಾಳೆ.

ಮೇ 17, ಶನಿವಾರ

ಗಾಜಿನ ಆಚೆಯಿಂದ ನೋಡಿದೆ. ಕೈ ಎತ್ತಿದಳು. ನನಗೋ ನರ್ಸಿಗೋ ಗೊತ್ತಾಗಲಿಲ್ಲ. ಹೃದಯ ಚೇತರಿಸಿಕೊಂಡರೆ ಆಪರೇಷನ್ ಈಗಲೂ ಮಾಡಬಹುದು, ಎರಡು ತಿಂಗಳು ಬಿಟ್ಟು ಪರೀಕ್ಷೆ ಮಾಡೋಣ ಎಂದರು ಡಾಕ್ಟರು.

ಮನೆಯಲ್ಲಿ ಕಾಳು ನೆನೆಹಾಕಿರಲಿಲ್ಲ. ನೆನೆಹಾಕದ ಅಲಸಂದೆಯನ್ನೇ ಬೇಯಿಸಿದೆ. ಬೇಯಲಿಲ್ಲ. ಹಾಗೇ ತಿಂದೆ. ಅನ್ನ ಮಾಡಲಿಲ್ಲ.

ಸಂಜೆ ಆಸ್ಪತ್ರೆಗೆ ವಾಪಸ್ ಹೋದಾಗ ತೂಕದ ಯಂತ್ರ ಹತ್ತಿದೆ. ತೊಂಬತ್ತೈದು.

ಮೇ 28, ಬುಧವಾರ

ಅಕ್ಕ ಮನೆಗೆ ಬಂದಳು. ಬಾಗಿಲಿನಿಂದ ಹಾಸಿಗೆಗೆ ಹನ್ನೊಂದು ಹೆಜ್ಜೆ, ನಡುವೆ ಎರಡು ಸಲ ನಿಂತಳು.

ದಿನವೂ ಬೆಳಗ್ಗೆ ಒಂದು ಗಂಟೆ ನಡೆಯುತ್ತೇನೆ. ಕಾಳು ಅರ್ಧ ಬಟ್ಟಲು, ಅನ್ನ ಮುಷ್ಟಿ, ಉಳಿದದ್ದು ತರಕಾರಿ. ನೆನೆಹಾಕುವುದು, ನೀರು ಬದಲಿಸುವುದು, ಬೇಯಿಸುವುದು ಈಗ ನಾನೇ. ಹಿಂದಿನ ಸಂಜೆ ಆರು ಗಂಟೆಗೆ ನೆನೆಹಾಕಿದರೆ ಬೆಳಗ್ಗೆ ಏಳಕ್ಕೆ ಉಗುರು ತಾಗಿಸಿದರೆ ಸೀಳುತ್ತದೆ. ತೊಂಬತ್ತಮೂರೂವರೆ.

ಜೂನ್ 10, ಮಂಗಳವಾರ

ಹೊಸ ಕನ್ನಡಕದ ಅಂಗಡಿಯ ಬೋರ್ಡು. ಯಜಮಾನರು ಕೆಳಗಿನಿಂದ ಕೂಗಿದರು: “ಕವಿಗಳೇ, ಹೆಸರಿನ ಕೆಳಗೆ ನಿಮ್ಮ ಪ್ರಾಸ ಒಂದು ಹಾಕಿ. ಅಂಗಡಿಯವರು ಅದಕ್ಕೇ ನಮ್ಮ ಹತ್ರ ಬಂದಿರೋದು.”

ಬ್ರಷ್ ಹಿಡಿದು ನಿಂತೆ. ಏನೂ ಬರಲಿಲ್ಲ. “ಇಲ್ಲಿ ಕನ್ನಡಕ ಸಿಗುತ್ತದೆ” ಎಂದು ಬರೆದು ಇಳಿದೆ.

“ಇದೇನ್ರೀ ಇದು?”

“ಸಿಗುತ್ತದಲ್ಲ ಸಾರ್.”

ಅವರು ಏಣಿ ತಾವೇ ಹೊತ್ತುಕೊಂಡರು.

ತೊಂಬತ್ತೊಂದು ಕೆಜಿ ಏಳುನೂರು.

ಜೂನ್ 22, ಭಾನುವಾರ

ಅಕ್ಕ ಹಾಸಿಗೆಯಲ್ಲಿ ಕೂತೇ ಟೇಪು ಕೇಳಿದಳು. ನಾನು ಹತ್ತಿರ ಹೋಗಿ ನಿಂತೆ. ಟೇಪಿನ ಎರಡು ತುದಿ ಸೇರಿಸಲು ಅವಳಿಗೆ ಹೊತ್ತು ಹಿಡಿಯಿತು. ನನ್ನ ಸೊಂಟಕ್ಕೆ ಹಣೆ ಆನಿಸಿ ಅಂಕಿ ನೋಡಿದಳು.

“ನಲವತ್ತು” ಎಂದಳು.

ಏಪ್ರಿಲ್‌ನಲ್ಲೂ ನಲವತ್ತು ಎಂದಿದ್ದಳು. ಪುಸ್ತಕ ತೆಗೆದು ಬರೆದಳು.

ಜುಲೈ 7, ಸೋಮವಾರ

ಎಂಬತ್ತೇಳು ಕೆಜಿ ಒಂಬೈನೂರು ಗ್ರಾಂ.

ಪಥ್ಯದ ಮೇಡಂ ಎದ್ದು ನಿಂತರು. “ಇದೇ ನೋಡಿ, ಮೊದಲೇ ನಾನು ಹೇಳಿದ್ದು. ಯಾಕೆ ಇಷ್ಟು ದಿನ ತಗೊಂಡ್ರಿ?” ಎಂದು ನಗುತ್ತಾ ಕೇಳಿದರು. ನಗುತ್ತಾ ಕೇಳಿದ್ದಕ್ಕೆ ಉತ್ತರ ಹೇಳಬೇಕಾಗಿರಲಿಲ್ಲ. ನನ್ನ ಉಳಿದ ಪರೀಕ್ಷೆಗಳೂ ಸರಿ ಇವೆ. ಅಕ್ಕನ ಹೃದಯದ ಪರೀಕ್ಷೆ ಶುಕ್ರವಾರ.

ಜುಲೈ 11, ಶುಕ್ರವಾರ

ಆಗುವುದಿಲ್ಲ.

ಡಾಕ್ಟರು ಪರದೆಯ ಮೇಲೆ ಅಕ್ಕನ ಹೃದಯ ತೋರಿಸಿದರು. ಒಂದು ಭಾಗ ಅಲುಗುತ್ತಿತ್ತು, ಒಂದು ಭಾಗ ಸುಮ್ಮನಿತ್ತು. “ಇಷ್ಟು ದುರ್ಬಲ ಹೃದಯ ಇಟ್ಕೊಂಡು ಅಷ್ಟು ದೊಡ್ಡ ಆಪರೇಷನ್ ತಡ್ಕೊಳ್ಳೋಕೆ ಆಗಲ್ಲಮ್ಮ. ಮೇಜಿನ ಮೇಲೇ ಏನಾದ್ರೂ ಆಗಬಹುದು. ಏಪ್ರಿಲ್‌ನಲ್ಲಿ ಮಾಡಿದ್ದಿದ್ರೆ ನಾನು ಹಿಂದೆಮುಂದೆ ನೋಡ್ತಿರಲಿಲ್ಲ.”

ಡಾಕ್ಟರು ಯಾರನ್ನೂ ದೂರಲಿಲ್ಲ. ಏಪ್ರಿಲ್ ಎಂದರು, ಅಷ್ಟೇ.

“ಎಷ್ಟು ದಿನ ಡಾಕ್ಟ್ರೇ?” ಅಕ್ಕ ಕೇಳಿದಳು.

“ಹಾಗೆಲ್ಲ ಹೇಳೋಕಾಗಲ್ಲಮ್ಮ. ಡಯಾಲಿಸಿಸ್ ಮುಂದುವರಿಸೋಣ. ಹೃದಯ ಎಷ್ಟು ತಡೆಯುತ್ತೋ ನೋಡೋಣ.”

“ಹೋಗ್ಲಿ ಬಿಡಿ. ನನ್ನ ತಮ್ಮ ತೆಳ್ಳಗಾದ್ನಲ್ಲ, ಅಷ್ಟೇ ಲಾಭ.”

ವಾರ್ಡಿನಲ್ಲಿ ಸೂಜಿ ಹಾಕುವ ಹೊತ್ತಿಗೆ ಅಕ್ಕಪಕ್ಕದ ಹಾಸಿಗೆಯವರಿಗೆಲ್ಲ ಹೇಳಿದಳು: “ನನಗೋಸ್ಕರ ಏಳು ಕೆಜಿ ಇಳಿಸಿದ್ದಾನೆ. ಬರೀ ಕಾಳು ತಿಂದು! ಈ ಕಾಲದಲ್ಲಿ ಯಾವ ತಮ್ಮ ಮಾಡ್ತಾನೆ ಹೇಳಿ?” ಬಸ್ ಡ್ರೈವರು ಅಲ್ಲೇ ಇದ್ದರು. ಬಂದು ನನ್ನನ್ನು ಅಪ್ಪಿಕೊಂಡರು. ಅವರ ಎದೆಗೆ ನನ್ನ ಎದೆ ತಾಗಿತು. ನಡುವೆ ಹೊಟ್ಟೆ ಅಡ್ಡ ಬರಲಿಲ್ಲ.

ಜುಲೈ 13, ಭಾನುವಾರ

ಮಾನ್ಯ ಸಭಿಕರೇ, ಈ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಜಡ್ಜಮ್ಮನವರ ನ್ಯಾಯಾಲಯದಲ್ಲಿ ನಡೆದ ಕಲಾಪದ ವಿವರ ಹೀಗಿದೆ. ಇನ್ನು ಹೊಲಿಯಲಾಗದ ಸಮವಸ್ತ್ರಗಳನ್ನು ಬೇರೆ ದರ್ಜಿಗೆ ಒಪ್ಪಿಸಲೆಂದು ಅವಳು ಅಕ್ಕನ ಅಳತೆ ಪುಸ್ತಕ ತೆಗೆದಿದ್ದಳು. ಅಕ್ಕ ಒಳಗೆ ಮಲಗಿದ್ದಳು. ಜಡ್ಜಮ್ಮ ಪುಸ್ತಕ ಹಿಡಿದು ನನ್ನ ಮುಂದೆ ಬಂದು ನಿಂತಳು.

“ಮಾಮ, ಮಾರ್ಚ್ ಹದಿನಾರಕ್ಕೆ ಅಮ್ಮ ಎಷ್ಟು ಅಂದಿದ್ಲು?”

“ನಲವತ್ತೂವರೆ.”

“ಇಲ್ಲಿ ನಲವತ್ತೆರಡು ಅಂತ ಬರೆದಿದ್ದಾಳೆ. ಏಪ್ರಿಲ್ ಹದಿಮೂರು, ನಲವತ್ತು ಅಂದ್ಲು, ನಾನು ಚಪ್ಪಾಳೆ ತಟ್ಟಿದೆ. ಇಲ್ಲಿ ನಲವತ್ತೆರಡೂವರೆ ಅಂತಿದೆ. ಜನವರಿಯಲ್ಲಿ ಎಷ್ಟಿತ್ತೋ ಅಷ್ಟೇ.”

“ಅವಳ ಕಣ್ಣು ಮಂಜಾಗಿತ್ತಲ್ಲೇ. ಬರೆಯುವಾಗ ತಪ್ಪಿರಬೇಕು.”

“ಅಮ್ಮ ಅಳತೇಲಿ ತಪ್ಪೋದಾ?”

ಅವಳು ನನ್ನನ್ನು ನೋಡುತ್ತಲೇ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಪುಸ್ತಕ ಮುಚ್ಚಿ ನನ್ನ ಕೈಗಿಟ್ಟು, ಒಳಗೆ ಹೋಗಿ ಅಮ್ಮನ ಪಕ್ಕ ಮಲಗಿಕೊಂಡಳು. ತೀರ್ಪು ಕೊಡಲಿಲ್ಲ.

ಆದ್ದರಿಂದ, ಸಭಿಕರೇ, ಅಳತೆ ಪುಸ್ತಕದಲ್ಲಿ ನುಸುಳಿರುವ ಸಣ್ಣ ದೋಷಕ್ಕೆ ಕಾರಣವೇನೆಂದರೆ

ಇಲ್ಲ. ದೋಷ ಇಲ್ಲ, ಸಭಿಕರೂ ಇಲ್ಲ.

ಜನವರಿಯಲ್ಲಿ ತಿಂದದ್ದು ಮಾತ್ರ ತಿಳಿಯದೆ ಆದ ತಪ್ಪು. ಮಾರ್ಚ್ ಮೂರರಿಂದ ಮೇ ಹದಿನಾಲ್ಕರವರೆಗಿನದು ತಪ್ಪಲ್ಲ. ಅನ್ನದ ಬದಲು ಎಂದು ಗೊತ್ತಿದ್ದೇ ಅನ್ನದ ಜೊತೆ ತಿಂದೆ, ಮೇಲೆ ಬನ್ನು ತಿಂದೆ. ಎಂಬತ್ತೆಂಟು ಬರಬಾರದು ಎಂದು ತಿಂದೆ. ನನ್ನನ್ನು ಕುಯ್ಯುತ್ತಾರೆ ಎಂದು ಹೆದರಿದ್ದೆ. ಅಕ್ಕನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ದಿನಾ ಸಂಜೆ ಗೋಡೆ ಹಿಡಿದುಕೊಂಡು ಹೋಗಿ ನನಗೆ ಕಾಳು ನೆನೆಹಾಕುತ್ತಿದ್ದಳು.